ಮೂರೂರಿನ ಕುರಿ, ಒಂದೇ ಸರ್ವರ್

ನೆನೆದ ಉಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಈ ಸಲ ಮಿರ್ಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ದಿನ ನಾರಾಯಣಪೇಟೆಗೆ ಒಂದು ಮದುವೆಗೆ ಹೊರಟಿದ್ದೆವು. ಊರು ಇನ್ನೇನು ಬಂತು ಅನ್ನುವಾಗ ಒಂದು ಕುರಿಹಿಂಡು ರಸ್ತೆ ತುಂಬ ಅಡ್ಡ ಬಂತು. ನಮ್ಮ ಮನೆಯವರು ಮೂಗು ಮುಚ್ಚಿಕೊಂಡು, "ಗಾಜು ಏರಿಸು ಮಾರಾಯ್ತಿ" ಅಂದರು. ನಾನು ಪೂರ್ತಿ ಇಳಿಸಿದೆ. ಕರಿ ಉಣ್ಣೆ, ಕೆಂಪು ಮಣ್ಣು, ಹಾಲಿನ ಕಮಟು ಎಲ್ಲ ಸೇರಿದ ಆ ವಾಸನೆ ಕಾರಿನೊಳಗೆ ನುಗ್ಗಿದ್ದೇ ತಡ, ತೆಲಂಗಾಣ ರಾಜ್ಯ ಬಂದ ವರ್ಷದ ಆ ಮಳೆಗಾಲ ನನ್ನ ಕಣ್ಣ ಮುಂದೆ ಬಂದು ಕೂತಿತು. ಮದುವೆಯ ಅಕ್ಷತೆಯ ಹೊತ್ತು ಮೀರಿದರೂ ಸರಿ, ಮೊದಲು ನಾನು ಆಗ ಕೆಲಸಕ್ಕಿದ್ದ ಒಕ್ಕೂಟದ ದಫ್ತರಕ್ಕೆ, ಆ ಹಳೆಯ ಕಚೇರಿಗೆ, ಹೋಗೋಣ ಎಂದು ಹಟ ಹಿಡಿದೆ. ನನ್ನ ಹಟದ ಮುಂದೆ ಅವರ ಮೂಗು ಯಾವಾಗಲೂ ಸೋಲುತ್ತದೆ.

ನಾನು ಮಕ್ತಲಿನವಳು. ನಮ್ಮದು ರಾಯಚೂರು ಕಡೆಯಿಂದ ಬಂದು ನೆಲೆಸಿದ ಸೇಂಗಾ ವ್ಯಾಪಾರದ ಮನೆತನ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಗಳ ಬಂದರೆ ಉರ್ದು. ರಾಯಚೂರಿನಲ್ಲಿ ಕಂಪ್ಯೂಟರ್ ಓದಿ ಬಂದ ನನಗೆ ನಾರಾಯಣಪೇಟೆಯ ಕುರಿಗಾರರ ಒಕ್ಕೂಟದಲ್ಲಿ ಕೆಲಸ ಸಿಕ್ಕಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಈ ಮೂರೂ ಊರಿನ ಕುರಿಗಾರರ ಸಂಘಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಪ್ರತಿ ಕುರಿಯ ಕಿವಿಗೆ ನಂಬರಿನ ಹಳದಿ ಬಿಲ್ಲೆ. ಆ ನಂಬರಿನ ಕುರಿಗೆ ಯಾವ ಲಸಿಕೆ ಯಾವಾಗ ಬಿತ್ತು ಎಂಬುದೆಲ್ಲ ಕಂಪ್ಯೂಟರಿನಲ್ಲಿ. "ಕುರಿ ಕಾಯಾಕ ಇಷ್ಟು ಓದಬೇಕಿತ್ತೇನು?" ಎಂದು ನಮ್ಮ ಚಿಕ್ಕಪ್ಪ ಚುಡಾಯಿಸುತ್ತಿದ್ದ. "ಸೇಂಗಾ ತೂಗಾಕ ನೀ ಏನೂ ಓದಿಲ್ಲಲ್ಲ ಕಾಕಾ, ನಿನ್ನ ಪಾಲಿಂದೂ ಸೇರಿಸಿ ನಾ ಓದೀನಿ" ಅನ್ನುತ್ತಿದ್ದೆ.

ಲಸಿಕೆಯ ದಾಖಲೆ ಅಂದರೆ ಹುಡುಗಾಟವಲ್ಲ. ವಲಸೆ ಹೋದ ಹಿಂಡುಗಳು ಮೊದಲ ಮಳೆಗೆ ಊರಿಗೆ ತಿರುಗುತ್ತವೆ. ಮಳೆಗೆ ಎದ್ದ ಎಳೆ ಹುಲ್ಲನ್ನು ಹೊಟ್ಟೆ ಬಿರಿಯೆ ಮೇಯ್ದ ಮರಿ ಸಂಜೆ ಕುಣಿದಾಡಿ ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತದೆ. ನಮ್ಮ ಕಡೆ ಅದನ್ನು ಚಿಟುಕು ರೋಗ ಅನ್ನುತ್ತಾರೆ. ಚಿಟಿಕೆ ಹೊಡೆದಷ್ಟು ಹೊತ್ತು, ಮರಿ ಇಲ್ಲ. ಅದೂ ಬಡಕಲು ಮರಿಯನ್ನು ಬಿಟ್ಟು ದಷ್ಟಪುಷ್ಟ ಮರಿಯನ್ನೇ ಆರಿಸಿ ಒಯ್ಯುವ ರೋಗ. ಮಳೆಯ ಜೊತೆಜೊತೆಗೇ ಲಸಿಕೆ ಬೀಳಬೇಕು, ಯಾರಿಗೆ ಬಿತ್ತು ಯಾರಿಗೆ ಇಲ್ಲ ಎಂಬುದು ಆ ಗಳಿಗೆಗೆ ಗೊತ್ತಾಗಬೇಕು.

ಅಲ್ಲಿಯವರೆಗೆ ನಮ್ಮ ದಾಖಲೆಗಳೆಲ್ಲ ಕರ್ನೂಲಿನ ದೊಡ್ಡ ಕಚೇರಿಯಲ್ಲಿದ್ದವು. ರಾಜ್ಯ ಎರಡಾಗಿ ಕರ್ನೂಲು ಆಂಧ್ರಕ್ಕೆ ಉಳಿಯುತ್ತದೆ ಎಂದು ಗೊತ್ತಾದ ಮೇಲೆ, ನಿಮ್ಮದು ನೀವು ಒಯ್ಯಿರಿ ಅಂದರು. ನಮ್ಮ ಪಾಲಿಗೆ ಬಂದದ್ದು ಒಂದೇ ಒಂದು ಸರ್ವರ್. ಅದನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ತಂದರು. ಹೊಸ ರಾಜ್ಯದ ಖುಷಿಗೆ ಊರೂರಲ್ಲಿ ಆಗಲೇ ಗುಲಾಲು ಹಾರುತ್ತಿತ್ತು. ಗುಲಾಬಿ ಪುಡಿ ಮೆತ್ತಿಕೊಂಡ ಜೀಪಿನಿಂದ ಕರಿ ಕಂಬಳಿಯ ಗಂಟು ಇಳಿದದ್ದನ್ನು ನೋಡಿ ಬೀದಿಯವರು ಯಾವುದೋ ದೇವರು ಬಂತೆಂದು ಕೈಮುಗಿದರು. ನಾನೂ ಮುಗಿದೆ. ಸುಳ್ಳೇಕೆ ಹೇಳಲಿ, ನಮ್ಮ ಕೆಲಸ ನಾವೇ ಮಾಡಿಕೊಳ್ಳುತ್ತೇವೆ ಎಂಬ ಹೆಮ್ಮೆಗೆ ನನ್ನ ಎದೆಯೂ ಉಬ್ಬಿತ್ತು.

ಹೈದರಾಬಾದಿನಿಂದ ಬಂದ ಮೇಲಧಿಕಾರಿ ಸತ್ಯನಾರಾಯಣ ಸಾರ್ ಮಾತ್ರ ಆ ಗಂಟನ್ನು ನೋಡಿ ನಕ್ಕರು. "ಮೀ ವಲ್ಲ ಕಾದಮ್ಮಾ," ನಿಮ್ಮಿಂದಾಗದಮ್ಮಾ, ಅಂದರು. ಕೆಟ್ಟವರಲ್ಲ, ಸಣ್ಣ ಊರುಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಅಷ್ಟೇ. ಅವರ ಕರಾರು ಸರಳ. ಮಿರ್ಗದ ದಿನ ಮೂರೂ ಊರಲ್ಲಿ ಒಟ್ಟಿಗೆ ಲಸಿಕೆ ಶುರು. ಆ ದಿನ ಯಂತ್ರ ಕೆಡದೆ ಓಡಿದರೆ ದಾಖಲೆಗಳು ನಮ್ಮವು. ಕೆಟ್ಟು ಬಿದ್ದರೆ ಎಲ್ಲವನ್ನೂ ಹೈದರಾಬಾದಿನ ಒಂದು ಕಂಪನಿಗೆ ಒಪ್ಪಿಸಿ ಈ ಕೋಣೆಗೆ ಬೀಗ.

ಬೀಗ ಬಿದ್ದರೆ ನನ್ನ ನೌಕರಿ ಹೋಗುತ್ತಿತ್ತು, ಅದು ಇರಲಿ. ಕುರಿಗಾರರು ಬಿಲ್ಲೆಗಳನ್ನೇ ಕಿತ್ತು ಬಿಸಾಡುತ್ತಿದ್ದರು. ಯಾಕೆಂದರೆ ನಮ್ಮ ಕಡೆ ಕುರಿಗಾರ ತನ್ನ ಹಿಂಡಿನಲ್ಲಿ ಕುರಿ ಎಷ್ಟಿವೆ ಎಂದು ಹೊರಗಿನವರಿಗೆ ಹೇಳುವುದಿಲ್ಲ. ಎಣಿಸಿ ಹೇಳಿದರೆ ದೃಷ್ಟಿ, ದೃಷ್ಟಿ ಬಿದ್ದರೆ ರೋಗ. ಕುರಿಗಾರರ ದೇವರು ಬೀರಪ್ಪ ಕೊಟ್ಟದ್ದನ್ನು ಬೀರಪ್ಪನೇ ಎಣಿಸಿಕೊಳ್ಳಲಿ ಎಂಬ ಲೆಕ್ಕ. ಇಡೀ ಜೀವನ ಕುರಿಗಾರರ ಜೊತೆ ವ್ಯವಹಾರ ಮಾಡಿದ ನಮ್ಮಪ್ಪ ಒಬ್ಬರನ್ನೂ ಎಷ್ಟು ಎಂದು ಕೇಳಿದವನಲ್ಲ. "ಕುರಿ ಚಲೋ ಅದಾವೇನಪಾ?" ಅನ್ನುತ್ತಿದ್ದ. "ಚಲೋ ಅದಾವ್ರಿ" ಅನ್ನುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಈಗ ಮೂರೂ ಊರಿನ ಲೆಕ್ಕ ಒಂದೇ ಪೆಟ್ಟಿಗೆಯಲ್ಲಿ! ಮೂರೂ ಸಂಘದ ಹಿರಿಯರು ದಫ್ತರಕ್ಕೆ ಬಂದು ಕೂತರು. ನಾರಾಯಣಪೇಟೆಯ ಪರವಾಗಿ ಅಲ್ಲೇ ಪಕ್ಕದ ಮದ್ದೂರಿನ ಮಾಳಪ್ಪ, ಮಕ್ತಲಿನ ಪರವಾಗಿ ದೇವಮ್ಮ, ಗದ್ವಾಲಿನ ಪರವಾಗಿ ಕೆ.ಟಿ. ದೊಡ್ಡಿ ಕಡೆಯ ಬೀರಣ್ಣ. ಬೀರಣ್ಣನೆಂದರೆ ಏಳೂವರೆ ಶನಿಯೂ ದಾರಿ ಬಿಡುವಂಥ ಆಸಾಮಿ. ಒಂದೇ ಡೇಟಾಬೇಸಿನಲ್ಲಿ ಊರಿನ ಹೆಸರಿಗೊಂದು ಕಾಲಂ ಮಾಡಿದರಾಯಿತು ಎಂದು ಸಾರ್ ಹೇಳಿದ್ದರು. ನಾನು ಅದನ್ನು ವಿವರಿಸುವುದರೊಳಗೆ ಬೀರಣ್ಣ ಎದ್ದು ನಿಂತ.

"ಒಂದ ದೊಡ್ಡ್ಯಾಗ ಮೂರೂರ ಕುರಿ ಕೂಡತೀಯೇನವಾ? ನಮ್ಮ ಲೆಕ್ಕ ಮಕ್ತಲ್‌ದಾವ್ರು ನೋಡೂದು, ಮಕ್ತಲ್‌ದಾವ್ರದು ನಾವು ನೋಡೂದು, ಇದು ಆಗೂ ಮಾತಲ್ಲ."

"ನಿಮ್ಮ ಲೆಕ್ಕ ನೋಡಿ ನಾವೇನು ಉಪ್ಪಿನಕಾಯಿ ಹಾಕೂನೇನು?" ಅಂದಳು ದೇವಮ್ಮ. ಅಂದಳೇ ಹೊರತು ಅವಳೂ ಒಪ್ಪಲಿಲ್ಲ.

ಯಂತ್ರ ಒಂದೇ ಇದ್ದರೂ ಅದರೊಳಗೆ ಮೂರು ಡೇಟಾಬೇಸುಗಳನ್ನು ಬೇರೆ ಬೇರೆಯಾಗಿಯೇ ಎಬ್ಬಿಸಿ ಓಡಿಸಬಹುದು. ಒಂದು ವಾಡೆಯೊಳಗೆ ಮೂರು ಸಂಸಾರ ಇದ್ದ ಹಾಗೆ: ಬಾಗಿಲು ಬೇರೆ, ಬೀಗ ಬೇರೆ, ಒಲೆ ಬೇರೆ. ಒಂದರ ಕೀಲಿ ಇನ್ನೊಂದಕ್ಕೆ ತಾಗುವುದಿಲ್ಲ. ಹಾಗೆ ಮಾಡುತ್ತೇನೆ ಎಂದು ಒಪ್ಪಿಸಿದೆ. ಪುಸ್ತಕದಲ್ಲಿ ಓದಿದ್ದೆ; ಮಾಡಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಮುಖದಲ್ಲಿ ತೋರಿಸಲಿಲ್ಲ.

ಮೊದಲ ಜಗಳ ಹೆಸರಿನದು. ಮೊದಲು ಕೂರಿಸಿದ ಡೇಟಾಬೇಸಿಗೆ ಹೆಸರಿಡಬೇಕಿಲ್ಲ, ಅದೇ ಮುಖ್ಯವೆಂದು ಯಂತ್ರ ತಿಳಿದುಕೊಳ್ಳುತ್ತದೆ. ಸರ್ವರ್ ಇದ್ದದ್ದು ನಾರಾಯಣಪೇಟೆಯಲ್ಲಿ, ಹಾಗಾಗಿ ಆ ಊರಿನದನ್ನು ಹೆಸರಿಲ್ಲದೆ ಬಿಟ್ಟು ಉಳಿದೆರಡಕ್ಕೆ ಮಕ್ತಲ್, ಗದ್ವಾಲ್ ಎಂದು ಹೆಸರಿಟ್ಟೆ. ಪರದೆಯ ಮೇಲೆ ಅದನ್ನು ಕಂಡ ಮಾಳಪ್ಪನ ಮುಖ ಕೆಂಪಾಯಿತು.

"ಅವರಿಬ್ರಿಗೂ ಹೆಸರೈತಿ. ನಮ್ಮೂರೇನು ತಿಪ್ಪಿ ಮ್ಯಾಲಿನ ಕೂಸೇನ್ರಿ?"

"ಹೆಸರ ಜರೂರತ್ತಿಲ್ದಾವನ ಧಣಿ, ತಿಳಕೋ," ಅಂದ ಬೀರಣ್ಣ. "ಗೌಡ್ರ ಮನಿ ಮುಂದ ಹೆಸರ ಬರದಿರ್ತೈತೇನು? ನಿನ್ನ ಅವಲ್ ನಂಬರ್ ಮಾಡ್ಯಾರ. ನಮ್ಮನ್ನ ಜೀತಕ್ಕ ಇಟ್ಟಾರ."

ಒಂದೇ ಕೆಲಸಕ್ಕೆ ಇಬ್ಬರಿಗೂ ಅವಮಾನ! ನನಗೆ ನಗು ತಡೆಯದೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದೆ.

ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ. ಮಳೆಗೆ ಮುಂಚೆ ಒಂದು ಸಲ ಪರೀಕ್ಷೆಗೆಂದು ಮೂರನ್ನೂ ಒಟ್ಟಿಗೆ ಓಡಿಸಿದೆವು. ಸಾರ್ ನನ್ನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಂದೊಂದು ಊರಿನ ಕೇಂದ್ರದಲ್ಲಿ ಒಂದೊಂದು ಕಂಪ್ಯೂಟರ್, ಅಲ್ಲಿಂದ ತಂತಿಯ ಮೇಲೆ ನಮ್ಮ ಸರ್ವರಿಗೆ ದಾರಿ. ಮೊದಲು ಎದ್ದ ನಾರಾಯಣಪೇಟೆ ಸಿಕ್ಕಷ್ಟೂ ಮೆಮೊರಿಯನ್ನು ನುಂಗಿ ಕೂತಿತು. ಆಮೇಲೆ ಎದ್ದ ಮಕ್ತಲ್ ತೆವಳಿತು. ಗದ್ವಾಲ್ ಏಳಲೇ ಇಲ್ಲ. ಕೊನೆಗೆ ಯಂತ್ರಕ್ಕೇ ಉಸಿರು ಕಟ್ಟಿ ಪರದೆ ಕಲ್ಲಾಯಿತು. ಆ ಕಡೆಯಿಂದ ಫೋನಿನಲ್ಲಿ ಬೀರಣ್ಣನ ದನಿ.

"ತಂಗೀ, ನಾ ಹೇಳಿದ್ದ ಖರೇ ಆತು. ನಮ್ಮನ್ನ ಹೊರಗ ನಿಂದ್ರಿಸಿ ಬಾಗಲಾ ಹಾಕ್ಕೊಂಡೀರಿ. ಗದ್ವಾಲದ್ದು ಒಂದು ಬಿಲ್ಲೀನೂ ಈ ಮಳಿಗೆ ಬರಂಗಿಲ್ಲ."

ಫೋನ್ ಇಟ್ಟ. ಸಾರ್ ಕುರ್ಚಿಯಿಂದೆದ್ದು, "ಚೆಪ್ಪಾನಾ ಲೇದಾ?" ಹೇಳಿರಲಿಲ್ಲವಾ, ಎಂದು ಮೆಲ್ಲಗೆ ಅಂದು ಹೋದರು. ಬೈದಿದ್ದರೆ ಜಗಳವಾಡುತ್ತಿದ್ದೆ. ಆ ಮೆಲ್ಲನೆಯ ಮಾತು ನನ್ನನ್ನು ಸುಟ್ಟಿತು. ಬಸ್ಸಿನಲ್ಲಿ ಮಕ್ತಲ್ ಬರುವವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದ ಕೊತ್ತಪಲ್ಲಿಯ ಹೆಂಗಸು ನನ್ನ ಗಂಡ ಹೊಡೆದಿದ್ದಾನೆಂದು ತಿಳಿದು ಇನ್ನೂ ಆಗದ ನನ್ನ ಗಂಡನಿಗೆ ದಾರಿಯುದ್ದಕ್ಕೂ ಶಾಪ ಹಾಕಿದಳು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಒಲೆಗಳೆಲ್ಲ ಬೇರೆಯಾಗಿದ್ದವು, ಬಾವಿ ಮಾತ್ರ ಒಂದೇ. ಬೇಸಿಗೆಯಲ್ಲಿ ಆ ಬಾವಿಯ ನೀರಿಗೆ ಜಗಳವೇ ಆಗುತ್ತಿರಲಿಲ್ಲ. ಅಜ್ಜಿ ಹಾಕಿಟ್ಟ ಕಟ್ಟಳೆ: ಯಾರು ಮೊದಲು ಬಂದರೂ ತಮ್ಮ ಮನೆಗೆ ಗೊತ್ತು ಮಾಡಿದಷ್ಟೇ ಕೊಡ. ಬಾವಿ ತುಂಬಿದ್ದರೂ ಅಷ್ಟೇ. ಮತ್ತು ಯಾರೇ ಸೇದಲಿ, ಮೊದಲ ಕೊಡ ಬಾವಿಕಟ್ಟೆಯ ಬಿಲ್ವದ ಗಿಡಕ್ಕೆ, ಅದು ದೇವರ ಕೊಡ. ಆ ಹೊತ್ತಿಗೆ ನಮ್ಮ ಚಿಕ್ಕಮ್ಮ ನೀರು ಸೇದಿ ಗಿಡಕ್ಕೆ ಸುರಿಯುತ್ತಿದ್ದಳು. ದಿನಾ ಕಂಡದ್ದೇ. ಅವತ್ತು ಮಾತ್ರ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಕಿರುಚಿದೆ.

"ಏನಾತಬೇ? ಹಲ್ಲು ಮುರೀತೇನು?" ಅಂದಳು ಚಿಕ್ಕಮ್ಮ.

"ದೇವರ ಕೊಡ ಬಿಟ್ಟಿದ್ದೆ ಚಿಗವ್ವಾ! ದೇವರ ಕೊಡ!"

ಯಂತ್ರವೂ ಬದುಕಬೇಕಲ್ಲ! ಮೂರು ಡೇಟಾಬೇಸುಗಳನ್ನು ಹೊತ್ತು ನಿಂತ ಆ ಯಂತ್ರಕ್ಕೆ ತನ್ನ ಉಸಿರಿಗೆಂದೇ ಒಂದಿಷ್ಟು ಮೆಮೊರಿ ಬೇಕು. ಅದನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಮೂರು ಪಾಲು ಮಾಡಿ, ಇದಕ್ಕಿಂತ ಮೇಲೆ ಒಂದು ಹನಿಯೂ ಮುಟ್ಟಬಾರದೆಂದು ಒಂದೊಂದಕ್ಕೂ ಕಟ್ಟು ಹಾಕಬೇಕಿತ್ತು. ನಾನು ಯಾರಿಗೂ ಮಿತಿ ಹಾಕಿರಲಿಲ್ಲ, ದೇವರ ಪಾಲನ್ನೂ ತೆಗೆದಿಟ್ಟಿರಲಿಲ್ಲ. ಕಟ್ಟು ಇದ್ದರೆ ಯಾರು ಮೊದಲೆದ್ದರೇನು, ಯಾರು ಕೊನೆಗೆದ್ದರೇನು? ಉಪ್ಪಿಟ್ಟು ತಟ್ಟೆಯಲ್ಲೇ ಬಿಟ್ಟು ನಾರಾಯಣಪೇಟೆ ಬಸ್ಸು ಹಿಡಿದೆ.

ಎಲ್ಲವನ್ನೂ ಕಿತ್ತು ಮತ್ತೆ ಕೂರಿಸಿದೆ. ಹೆಸರಿಲ್ಲದ ಮುಖ್ಯ ಜಾಗವನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟೆ. ಮೂರಕ್ಕೂ ಊರಿನ ಹೆಸರು, ಮೂರಕ್ಕೂ ಬೇರೆ ಬಾಗಿಲು, ಬೇರೆ ಪಾಸ್‌ವರ್ಡ್, ಬೇರೆ ಹೊತ್ತಿಗೆ ಬ್ಯಾಕಪ್. ಕರೆಂಟು ಹೋಗಿ ಬಂದರೆ ಒಂದರ ಮೈಮೇಲೆ ಒಂದು ಬೀಳದೆ ಸ್ವಲ್ಪ ಬಿಟ್ಟು ಸ್ವಲ್ಪ ಬಿಟ್ಟು ತಾವೇ ಏಳುವ ಹಾಗೆ ಕಟ್ಟಳೆ ಮಾಡಿದೆ. ಮಾಳಪ್ಪ ಬಂದು ಖಾಲಿ ಜಾಗ ನೋಡಿ, "ಇದ್ಯಾರದ್ದು?" ಅಂದ. "ಬೀರಪ್ಪಂದು ಮಾವ" ಅಂದೆ. "ಹಾಂ, ಇದು ಬರೋಬ್ಬರಿ ಆತು" ಎಂದು ಕೈಮುಗಿದು ಹೋದ.

ಉಳಿದವನು ಬೀರಣ್ಣ. ಫೋನ್ ಎತ್ತಲೊಲ್ಲ. ನಾನೇ ಕೃಷ್ಣೆಯ ಅಣೆಕಟ್ಟೆ ದಾಟಿ ಗದ್ವಾಲಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವನ ಊರು ಮುಟ್ಟಿದೆ. ನೆತ್ತಿಯ ಮೇಲೆ ಬಿಸಿಲು. ಹಟ್ಟಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಉಣ್ಣೆ ನೂಲುವ ಕದಿರು ತಿರುಗಿಸುತ್ತಿದ್ದ. ಮಜ್ಜಿಗೆ ಕೊಡಿಸಿ ಮತ್ತೆ ಕದಿರಿಗೆ ಕೈ ಹಾಕಿದ. ನಾನು ಬಾವಿಯ ಕಥೆ, ಕೊಡದ ಕಥೆ, ಖಾಲಿ ಜಾಗದ ಕಥೆ ಎಲ್ಲ ಹೇಳಿದೆ. ಕದಿರು ನಿಂತಿತು.

"ಎಲ್ಲಾ ಚಲೋ ಐತಿ. ಒಂದ ಮಾತು ಹೇಳು. ಮೂರು ಬಾಗಲಾ, ಮೂರು ಕೀಲಿ. ಮೂರೂ ಕೀಲಿ ಒಬ್ರ ಕೈಯಾಗ ಇರತಾವೋ ಇಲ್ಲೋ?"

ಬೇಕಿದ್ದರೆ ಇಲ್ಲ ಅನ್ನಬಹುದಿತ್ತು. ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

"ಇರತಾವ ಕಾಕಾ. ನನ್ನ ಕೈಯಾಗ. ಯಂತ್ರ ಕೆಟ್ರ ರಿಪೇರಿ ಮಾಡಾಕ ಬೇಕಾಗ್ತಾವ. ನಾ ನೋಡಬೌದು. ಆದ್ರ ಯಾರಿಗೂ ಹೇಳಂಗಿಲ್ಲ."

ಬೀರಣ್ಣ ಕದಿರನ್ನು ಪಕ್ಕಕ್ಕಿಟ್ಟ. ಆಮೇಲೆ ಸೊಂಟದ ಚೀಲದಿಂದ ಬಂಡಾರ ತೆಗೆದ. ಬೀರಪ್ಪನ, ಮೈಲಾರನ ಹೆಸರಿನಲ್ಲಿ ಕುರಿಗಾರರು ಹಚ್ಚುವ ಅರಿಶಿನ ಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದವರನ್ನು ಅವರು ಮತ್ತೆ ತಮ್ಮ ಹಟ್ಟಿಗೆ ಸೇರಿಸುವುದಿಲ್ಲ.

"ನೀನು ಲಿಂಗ ಕಟ್ಟಿದಾಕಿ. ಲಿಂಗ ಮುಟ್ಟಿ ಹೇಳ್ತೀಯೋ, ಬಂಡಾರ ಮುಟ್ಟಿ ಹೇಳ್ತೀಯೋ?"

ಎಡಗೈಯಲ್ಲಿ ಕೊರಳಿನ ಲಿಂಗದ ಕರಡಿಗೆ ಹಿಡಿದು ಬಲಗೈಯನ್ನು ಬಂಡಾರದಲ್ಲಿ ಅದ್ದಿದೆ. ಯಾರ ಹಿಂಡಿನ ಲೆಕ್ಕವನ್ನೂ ಯಾರಿಗೂ ಹೇಳುವುದಿಲ್ಲ ಎಂದೆ. ಬಂಡಾರದ ಹಳದಿ, ಬಸ್ಸಿನಲ್ಲಿ ಬರುವಾಗಲೂ ಬೆರಳ ಸಂದಿಯಲ್ಲಿತ್ತು.

ಮಿರ್ಗ ಹೂಡಿತು. ಬೆಳಗಿನಿಂದಲೇ ಮೋಡ, ಮಧ್ಯಾಹ್ನದ ಮುಂಚೆಯೇ ಮಳೆ. ಮೂರೂ ಊರಿನ ಕೇಂದ್ರಗಳ ಮುಂದೆ ಹಿಂಡುಗಳ ಮೇಲೆ ಹಿಂಡು. ಬಿಲ್ಲೆಯ ನಂಬರು ಕೂಗುವವರು, ಅದನ್ನು ಕಂಪ್ಯೂಟರಿನಲ್ಲಿ ಒತ್ತುವವರು, ಸೂಜಿ ಹಾಕುವವರು. ದಫ್ತರದ ಕೋಣೆಯಲ್ಲಿ ನಾನು, ನನ್ನ ಹಿಂದೆ ಕುರ್ಚಿಯ ಮೇಲೆ ಸಾರ್. ಮೂರೂ ನೀಟಾಗಿ ಓಡುತ್ತಿದ್ದವು. ಅಷ್ಟರಲ್ಲಿ ಗುಡುಗಿತು, ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಸ್ವಲ್ಪ ಹೊತ್ತು ಎಳೆದು ಕಣ್ಣು ಮುಚ್ಚಿತು. ಕೋಣೆ ನಿಶ್ಶಬ್ದ. ಹೊರಗೆ ಕುರಿಗಳ ಅರಚಾಟ. ಸಾರ್ ಗಡಿಯಾರ ನೋಡಿಕೊಂಡರು.

ಕರೆಂಟು ಬಂತು. ಸಾರ್, "ನೀವು ಯಂತ್ರ ಮುಟ್ಟಬೇಡಿ, ಅದೇ ಏಳುತ್ತದೋ ನೋಡೋಣ" ಅಂದರು. ಕೈಕಟ್ಟಿ ನಿಂತೆ. ಯಂತ್ರ ಮೊದಲು ತನ್ನ ಪಾಲಿನ ಕೊಡ ಸೇದಿಕೊಂಡು ಎದ್ದಿತು. ಪರದೆಯ ಮೇಲೆ ಮಕ್ತಲ್ ಎದ್ದಿತು. ದೇವಮ್ಮನ ಫೋನು: "ಬಂತಬೇ ಗಿರಿಜಾ! ಎಲ್ಲಿ ಬಿಟ್ಟಿದ್ವೋ ಅಲ್ಲೇ ಐತಿ!" ನಾರಾಯಣಪೇಟೆ ಎದ್ದಿತು, ಹೊರಗೆ ಮಾಳಪ್ಪ ಸಿಳ್ಳೆ ಹಾಕಿದ್ದು ಗೋಡೆಯಾಚೆಯಿಂದ ಕೇಳಿಸಿತು. ಗದ್ವಾಲ್ ಇನ್ನೂ ಇಲ್ಲ. ನಾನು ಕಣ್ಣು ಮುಚ್ಚಿದೆ. ಫೋನು ಹೊಡೆದುಕೊಂಡಿತು.

"ತಂಗೀ," ಬೀರಣ್ಣನ ದನಿ. "ನಮ್ದೂ ಎದ್ದೈತಿ."

ನಾನು ಕುಣಿದೆ. ಮೇಲಧಿಕಾರಿಯ ಮುಂದೆ, ಸೀರೆ ಎತ್ತಿ ಕಟ್ಟಿಕೊಂಡು, ಜಾತ್ರೆಗೆ ಬಂದ ಕೂಸಿನ ಹಾಗೆ ಕುಣಿದೆ. ಸಾರ್ ಕೂಡ ನಕ್ಕುಬಿಟ್ಟರು. ಸಂಜೆ ಎಲ್ಲ ಹಿಂಡುಗಳಿಗೂ ಲಸಿಕೆ ಮುಗಿದ ಮೇಲೆ ಅವರು ಪೆನ್ನು ತೆಗೆದು, "ಗದ್ವಾಲಿನಲ್ಲಿ ಯಾರ ಹಿಂಡು ದೊಡ್ಡದು, ಎಷ್ಟು? ಸುಮ್ಮನೆ ಕೇಳುತ್ತಿದ್ದೇನೆ" ಅಂದರು.

"ಆ ಬಾಗಿಲು ಗದ್ವಾಲಿನವರದು ಸಾರ್. ಅವರನ್ನೇ ಕೇಳಬೇಕು. ನಾನು ಹೇಳುವುದಿಲ್ಲ."

"ನಾನು ಮೇಲಧಿಕಾರಿ."

"ಗೊತ್ತು ಸಾರ್."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, "ಮೀ ದಗ್ಗರೇ ಉಂಚುಕೋಂಡಿ" ಅಂದರು. ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಆ ಮಾತಿಗೆ ನಾರಾಯಣಪೇಟೆಯ ಬೀದಿಯಲ್ಲಿ ಎರಡನೆಯ ಸಲ ಗುಲಾಲು ಹಾರಿತು. ಈ ಸಲ ಅದರ ಜೊತೆ ಬಂಡಾರವೂ ಇತ್ತು. ಆ ಮಳೆಗಾಲ ನಮ್ಮ ಮೂರೂರಿನ ಹಟ್ಟಿಗಳಿಗೆ ಚಿಟುಕು ರೋಗ ಕಾಲಿಡಲಿಲ್ಲ.

ಆಮೇಲೆ ಮದುವೆಯಾಗಿ ನಾನು ಊರು ಬಿಟ್ಟೆ. ಈಗ ಕಾರಿನಿಂದಿಳಿದು ನೋಡಿದರೆ ಅದೇ ದಫ್ತರ. ಯಂತ್ರ ಹೊಸದು, ಮೂರು ಬಾಗಿಲು ಮಾತ್ರ ಹಾಗೆಯೇ ಇವೆ. ಹೆಸರಿಲ್ಲದ ಜಾಗವನ್ನು ಯಾರೂ ತುಂಬಿಲ್ಲ. ಜಗಲಿಯ ಮೇಲೆ ಕಂಬಳಿ ಹೊದ್ದು ಸಭೆಗೆ ಬಂದ ಕುರಿಗಾರರ ನಡುವೆ ಬೀರಣ್ಣ ಕೂತಿದ್ದ. ಹಲ್ಲು ಹೋಗಿವೆ, ಗತ್ತು ಹೋಗಿಲ್ಲ. ನನ್ನನ್ನು ಕಂಡವನೇ ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಬಾರವಾ. ಆ ವರ್ಷ ನನ್ನ ಹಿಂಡಿನ್ಯಾಗ ಕುರಿ ಎಷ್ಟಿದ್ದೂ? ನೆನಪೈತಿಲ್ಲೋ? ಹೇಳು, ಇವರೆಲ್ಲಾ ಕೇಳ್ಲಿ."

"ಹೇಳಂಗಿಲ್ಲ ಕಾಕಾ."

"ನಂದು ನಾನ ಕೇಳಾಕತ್ತೀನಿ."

"ನೀನ ಕೇಳಿದ್ರೂ ಹೇಳಂಗಿಲ್ಲ. ಬಂಡಾರ ಮುಟ್ಟೀನಿ."

ಜಗಲಿಯ ಮೇಲೆ ಎಲ್ಲರೂ ನಕ್ಕರು. ಬೀರಣ್ಣ ನಗಲಿಲ್ಲ. ಕೈಯಾಡಿಸಿ ಹತ್ತಿರ ಕರೆದು, ನನ್ನ ಹಣೆಗೆ ಬಂಡಾರ ಹಚ್ಚಿದ. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಈಗಿನ ಲೆಕ್ಕ ಹೇಳಿದ. ತನ್ನ ಬಾಯಿಂದ ತಾನೇ. ಹೆಂಡತಿಗೂ ಹೇಳಿದವನಲ್ಲವಂತೆ. ನನ್ನ ಕಣ್ಣು ತುಂಬಿ ಬಂದು, ಅವನ ಕಂಬಳಿಗೆ ಹಣೆ ಒತ್ತಿ ನಿಂತೆ. ಅದು ಮಳೆಗೆ ನೆನೆದಿತ್ತು.

ಕಾರು ಹತ್ತಿದ ಮೇಲೆ ನಮ್ಮ ಮನೆಯವರು, "ಎಷ್ಟಂತೆ?" ಅಂದರು.

"ಕುರಿ ಚಲೋ ಅದಾವಂತ" ಅಂದೆ.